ಕಿವಿಯೊಳಗಿನ ದನಿ: ಮೈಕ್‌ಸೆಟ್ಟಿನವನು ನೋಡಿದ ‘ಆ್ಯನ್ ಆನೆಸ್ಟ್ ಲೈಯರ್’

ನನ್ನದು ಮೈಕ್‌ಸೆಟ್ಟಿನ ಧಂದೆ. ಪುಣೆಯ ನಾರಾಯಣ ಪೇಠದಲ್ಲಿ ಒಂದು ಗೋಡೌನು, ಒಂದು ಟೆಂಪೋ, ಇಬ್ಬರು ಹುಡುಗರು. ಮದುವೆ, ಮುಂಜಿ, ಗಣಪತಿ, ಪ್ರವಚನ, ಸೊಸೈಟಿಯ ವಾರ್ಷಿಕ ಸಭೆ, ಯಾರು ಕರೆದರೂ ಹೋಗಿ ಸ್ಪೀಕರ್ ನಿಲ್ಲಿಸುತ್ತೇವೆ. ಇಂಡಿ ತಾಲ್ಲೂಕಿನಿಂದ 1994ರಲ್ಲಿ ಇಲ್ಲಿಗೆ ಬಂದೆ. ಸಿನಿಮಾದ ಬಗ್ಗೆ ನನಗೆ ಗೊತ್ತಿರುವುದು ಅಷ್ಟಕ್ಕಷ್ಟೇ. ಸೌಂಡಿನ ಬಗ್ಗೆ ಕೇಳಿ, ರಾತ್ರಿಯೆಲ್ಲ ಹೇಳುತ್ತೇನೆ.

ಹೋದ ಭಾನುವಾರ ಮಗ ಲ್ಯಾಪ್‌ಟಾಪನ್ನು ಟೀವಿಗೆ ಹಚ್ಚಿ ‘ಆ್ಯನ್ ಆನೆಸ್ಟ್ ಲೈಯರ್’ ಹಾಕಿದ. 2014ರ ಡಾಕ್ಯುಮೆಂಟರಿ. ಹೆಸರಿನ ಅರ್ಥ ಪ್ರಾಮಾಣಿಕ ಸುಳ್ಳುಗಾರ ಎಂದು. ಜೇಮ್ಸ್ ರ‍್ಯಾಂಡಿ ಎಂಬ ಜಾದೂಗಾರನ ಕಥೆ. 1928ರಲ್ಲಿ ಟೊರಾಂಟೋದಲ್ಲಿ ಹುಟ್ಟಿದವನು, 2020ರಲ್ಲಿ ತೀರಿಕೊಂಡ. ಮೊದಲು ಬೀಗ, ಸರಪಳಿ, ಪೆಟ್ಟಿಗೆಗಳಿಂದ ಬಿಡಿಸಿಕೊಂಡು ಬರುವ ಆಟ ಆಡುತ್ತಿದ್ದ. ಆಮೇಲೆ ‘ನನಗೆ ದಿವ್ಯಶಕ್ತಿ ಇದೆ’ ಎನ್ನುವವರ ಬೆನ್ನು ಹತ್ತಿದ. ಎರಡೂ ಕಡೆಯವರು ಒಪ್ಪಿದ ಪರೀಕ್ಷೆಯಲ್ಲಿ ಶಕ್ತಿ ತೋರಿಸಿದವರಿಗೆ ದುಡ್ಡು ಎಂದು 1964ರಲ್ಲಿ ಸಾವಿರ ಡಾಲರ್ ಇಟ್ಟ. ಅದು ಬೆಳೆದು ಹತ್ತು ಲಕ್ಷ ಡಾಲರ್ ಆಯಿತು. ಒಬ್ಬರೂ ಗೆಲ್ಲಲಿಲ್ಲ.

ನೋಡಲು ಕೂತದ್ದು ನಾಲ್ಕು ಜನ. ನಾನು, ಹೆಂಡತಿ, ಇಂಜಿನಿಯರಿಂಗ್ ಎರಡನೇ ವರ್ಷದ ಮಗ, ಮತ್ತು ನಮ್ಮವ್ವ. ಅವ್ವನಿಗೆ ಎಪ್ಪತ್ತೆಂಟು. ಇಂಗ್ಲಿಷ್ ಬಾರದು. ನಾವು ನೋಡಿದ ಪ್ರತಿಯಲ್ಲಿ ಸಬ್‌ಟೈಟಲ್ಲೂ ಇಂಗ್ಲಿಷಿನಲ್ಲೇ. ಆಕೆ ದೇವರ ಮುಂದಿನ ದೀಪಕ್ಕೆ ಬತ್ತಿ ಹೊಸೆಯುತ್ತಾ ಕೂತಿದ್ದಳು, ನಾನು ಪಕ್ಕದಲ್ಲಿ ಕೂತು ಕನ್ನಡ ಮಾಡಿ ಹೇಳುತ್ತಿದ್ದೆ. ರ‍್ಯಾಂಡಿ ಎಂಬ ಹೆಸರು ಮೊದಲ ಸಲ ಕಿವಿಗೆ ಬಿದ್ದಾಗ ಬತ್ತಿ ನಿಲ್ಲಿಸಿ, “ಇದೆಂಥಾ ಹೆಸರಪಾ, ಮನ್ಯಾಗ ಕರೀಲಿಕ್ಕೆ ಬರ್ತದೇನು?” ಎಂದಳು.

ಶುರುವಿನ ಭಾಗ ಮಜಾ ಇದೆ. ಬಿಳಿ ಗಡ್ಡದ ಗಿಡ್ಡ ಮುದುಕ, ಕಣ್ಣಲ್ಲಿ ತುಂಟತನ. ಹಳೆಯ ಟೀವಿ ತುಣುಕುಗಳಲ್ಲಿ ಅದೇ ಮನುಷ್ಯ ತಲೆಕೆಳಗಾಗಿ ನೇತಾಡುತ್ತಾನೆ, ಕೈ ಕಟ್ಟಿದ ಅಂಗಿಯಿಂದ ಹೊರಬರುತ್ತಾನೆ. 1956ರಲ್ಲಿ ಮುಚ್ಚಿದ ಪೆಟ್ಟಿಗೆಯೊಳಗೆ ಈಜುಕೊಳದ ನೀರಿನಡಿ 104 ನಿಮಿಷ ಇದ್ದನಂತೆ. ಇಂಥ ಆಟಕ್ಕೇ ಹೆಸರಾದ ಹಳೆಯ ಜಾದೂಗಾರ ಹೌದಿನಿಯ ದಾಖಲೆ 93 ನಿಮಿಷದ್ದಂತೆ. 104 ಎಂದರೆ ಈ ಪಿಕ್ಚರ್‌ಗಿಂತ ಜಾಸ್ತಿ ಹೊತ್ತು. ರಾಕ್ ಗಾಯಕ ಆಲಿಸ್ ಕೂಪರ್ ಜೊತೆ ಊರೂರು ಸುತ್ತಿ, ವೇದಿಕೆ ಮೇಲೆ ದಿನಾ ಅವನ ತಲೆ ಕತ್ತರಿಸುವ ಆಟ ಮಾಡಿದ್ದೂ ಇದೆ. ಅದನ್ನು ಇನ್ನೊಂದಿಷ್ಟು ತೋರಿಸಬೇಕಿತ್ತು. ಅಂಥ ಶೋದ ಹಿಂದೆ ಏನೆಲ್ಲ ಓಡಾಟ ಇರುತ್ತದೆ ಎಂದು ನನ್ನಂಥವನಿಗೆ ಗೊತ್ತು. ಇವರು ಎರಡು ಫೋಟೋ ತೋರಿಸಿದ ಹಾಗೆ ಮಾಡಿ ಮುಂದೆ ಹೋಗಿಬಿಡುತ್ತಾರೆ.

ಆಮೇಲೆ ಊರಿ ಗೆಲ್ಲರ್ ಬರುತ್ತಾನೆ, ಚಮಚ ಬಗ್ಗಿಸುವವನು. 1973ರಲ್ಲಿ ಅಮೆರಿಕದ ಟೀವಿಯ ಜಾನಿ ಕಾರ್ಸನ್ ಶೋಗೆ ಇವನನ್ನು ಕರೆದರು. ಕಾರ್ಸನ್ ತಾನೂ ಚಿಕ್ಕಂದಿನಲ್ಲಿ ಜಾದೂ ಮಾಡಿದವನು. ಅವನ ಕಡೆಯವರು ಮೊದಲೇ ರ‍್ಯಾಂಡಿಯನ್ನು ಕೇಳಿದರು. ರ‍್ಯಾಂಡಿ ಹೇಳಿದ್ದು ಇಷ್ಟೇ: ಸಾಮಾನು ನಿಮ್ಮದೇ ಇರಲಿ, ಶೋ ಶುರುವಾಗುವ ತನಕ ಅವನಾಗಲಿ ಅವನ ಜನರಾಗಲಿ ಮುಟ್ಟದಂತೆ ನೋಡಿಕೊಳ್ಳಿ. ಮುಗಿಯಿತು. ಇಪ್ಪತ್ತು ನಿಮಿಷಕ್ಕೂ ಜಾಸ್ತಿ ಹೊತ್ತು ಗೆಲ್ಲರ್ ಕೂತಲ್ಲೇ ಚಡಪಡಿಸಿದ. ಇವತ್ತು ನನಗೆ ಶಕ್ತಿ ಬರುತ್ತಿಲ್ಲ ಎಂದ. ನೋಡುವ ನಮಗೇ ಮುಜುಗರ. ಆದರೆ ಅದರಿಂದ ಅವನಿಗೆ ಏನೂ ಆಗಲಿಲ್ಲ. ಇನ್ನೂ ದೊಡ್ಡವನಾದ. ಜಾದೂ ಆಗಿದ್ದರೆ ಪ್ರತಿ ಸಲ ಆಗಬೇಕಿತ್ತಲ್ಲ, ಒಮ್ಮೊಮ್ಮೆ ಆಗುವುದಿಲ್ಲ ಎಂದರೆ ಇದು ನಿಜವಾದ ಶಕ್ತಿಯೇ ಇರಬೇಕು ಅಂತ ಜನ ಅಂದುಕೊಂಡರು. ಗೆಲ್ಲರ್ ಈ ಪಿಕ್ಚರಿನಲ್ಲೂ ಬಂದು ಕೂತು ನಗುನಗುತ್ತಾ ಮಾತಾಡುತ್ತಾನೆ. ನನಗಂತೂ ಅವನ ಮೇಲೆ ಸಿಟ್ಟು ಬರಲಿಲ್ಲ, ಅದೇ ವಿಚಿತ್ರ. ಮಾತು ಅಷ್ಟು ನಯ.

ಇಲ್ಲಿ ಅವ್ವನಿಗೆ ನಮ್ಮ ಎಚ್. ನರಸಿಂಹಯ್ಯನವರ ಕಥೆ ಹೇಳಿದೆ. ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆ ಮಾಡಲು ಒಂದು ಸಮಿತಿ ಮಾಡಿದರು. ಗಾಳಿಯಲ್ಲಿ ಉಂಗುರ ತೆಗೆಯುವವರಿಗೆ, ತೋಳಿನೊಳಗೆ ಬಚ್ಚಿಡಲಾಗದ ಒಂದು ಕುಂಬಳಕಾಯಿ ತೆಗೆಯಿರಿ ನೋಡೋಣ ಎಂದವರು. ಕಾರ್ಸನ್ ಶೋದಲ್ಲಿ ರ‍್ಯಾಂಡಿ ಮಾಡಿದ್ದೂ ಅದನ್ನೇ ಅಲ್ವಾ? ಸಾಮಾನು ನಾವು ಹೇಳಿದ್ದಿರಲಿ. ಅಷ್ಟು ಸಾಕು. ಅವ್ವ ಕುಂಬಳಕಾಯಿಗೆ ಚೆನ್ನಾಗಿ ನಕ್ಕಳು.

ಇನ್ನು ನಾನು ರಿಮೋಟ್ ಕಸಿದುಕೊಂಡ ಜಾಗ.

ಪೀಟರ್ ಪೊಪಾಫ್ ಎಂಬ ಪಾದ್ರಿ. ತುಂಬಿದ ಸಭಾಂಗಣ. ಗುಂಪಿನ ನಡುವೆ ಓಡಾಡುತ್ತಾ, ಯಾರದೋ ಹೆಸರು ಹಿಡಿದು ಕರೆಯುತ್ತಾನೆ. ಅವರ ಮನೆ ನಂಬರ್ ಹೇಳುತ್ತಾನೆ. ಯಾವ ರೋಗ ಎಂದು ಹೇಳುತ್ತಾನೆ. ತಲೆ ಮುಟ್ಟಿ ಗುಣವಾಯಿತು ಎನ್ನುತ್ತಾನೆ. ಜನ ಅಳುತ್ತಾರೆ. 1986ರಲ್ಲಿ ರ‍್ಯಾಂಡಿಯ ಕಡೆಯವರು ಒಂದು ರೇಡಿಯೋ ಸ್ಕ್ಯಾನರ್ ಹಿಡಿದುಕೊಂಡು ಆ ಸಭೆಗೆ ಹೋದರು. 39.17 ಮೆಗಾಹರ್ಟ್ಸ್‌ನಲ್ಲಿ ಒಬ್ಬ ಹೆಂಗಸಿನ ದನಿ ಸಿಕ್ಕಿತು. ಪೊಪಾಫ್‌ನ ಹೆಂಡತಿ. ಸಭೆಗೆ ಬಂದವರು ತಮ್ಮ ಕಷ್ಟ ಬರೆದುಕೊಟ್ಟ ಚೀಟಿಗಳನ್ನು ಆಕೆ ಹೊರಗೆ ಗಾಡಿಯಲ್ಲಿ ಕೂತು ಓದುತ್ತಿದ್ದಳು. ಅದು ಇವನ ಕಿವಿಗೆ ಬೀಳುತ್ತಿತ್ತು. ನನ್ನ ಮಾತು ಕೇಳಿಸುತ್ತಿದೆಯಾ, ಕೇಳಿಸದಿದ್ದರೆ ನಿನ್ನ ಗತಿ ಅಷ್ಟೇ ಎಂದು ಗಂಡನಿಗೆ ತಮಾಷೆ ಬೇರೆ.

ಪಿಕ್ಚರಿನಲ್ಲಿ ಮೊದಲು ಪಾದ್ರಿಯ ವಿಡಿಯೋ ತೋರಿಸಿ, ಆಮೇಲೆ ಅದರ ಮೇಲೆ ಈ ದನಿ ಹಾಕುತ್ತಾರೆ. ಆಕೆ ಹೆಸರು ಹೇಳುತ್ತಾಳೆ, ಒಂದು ಉಸಿರು ಬಿಟ್ಟು ಅವನು ಅದೇ ಹೆಸರು ಕೂಗುತ್ತಾನೆ. ರೆಕಾರ್ಡಿಂಗ್ ಏನೂ ಚೆನ್ನಾಗಿಲ್ಲ. ಗರಗರ, ಹಿಸ್ ಹಿಸ್ ಎನ್ನುತ್ತದೆ. ಅದನ್ನು ತೊಳೆದು ಹೊಳೆಯುವ ಹಾಗೆ ಮಾಡಿಲ್ಲ, ಅದಕ್ಕೆ ಸೌಂಡ್ ಮಾಡಿದವರಿಗೆ ನನ್ನ ನಮಸ್ಕಾರ. ಆ ಗರಗರವೇ ಸಾಕ್ಷಿ.

ಮಗ ಕೇಳಿದ, “ಅಪ್ಪಾ, ಇಷ್ಟು ಸುಲಭ ಸಿಗ್ತದೇನು? ಯಾರ್ ಬೇಕಾದ್ರೂ ಕೇಳಬಹುದೇನು?”

ಸಿಗುತ್ತದೆ. ಗಾಳಿಯಲ್ಲಿ ಬಿಟ್ಟ ಮೇಲೆ ಅದು ಎಲ್ಲರದ್ದೂ. ಆ ಕಾಲದ ಸಾದಾ ಕಾರ್ಡ್‌ಲೆಸ್ಸಿಗೆ ಬೀಗ ಇರುತ್ತಿರಲಿಲ್ಲ. ಅದೇ ಫ್ರೀಕ್ವೆನ್ಸಿಗೆ ರಿಸೀವರ್ ತಿರುಗಿಸಿದರೆ ಸಾಕು. ನನಗೇ ಒಂದು ಗಣಪತಿ ಹಬ್ಬದಲ್ಲಿ ಆಗಿದೆ. ನಮ್ಮ ಮಂಡಳದಲ್ಲಿ ಆರತಿ ನಡೆದಿತ್ತು. ಪಕ್ಕದ ಗಲ್ಲಿಯ ಮಂಡಳದವರು ಹೌಸಿ, ಅಂದರೆ ನಂಬರ್ ಕೂಗುವ ತಂಬೋಲ ಆಟ, ಆಡಿಸುತ್ತಿದ್ದರು. ಎರಡೂ ಕಡೆ ಅಗ್ಗದ ಕಾರ್ಡ್‌ಲೆಸ್ ಮೈಕು, ಇಬ್ಬರದೂ ಒಂದೇ ಚಾನಲ್. ನಮ್ಮ ಹುಡುಗ ಮೈಕ್ ಆಫ್ ಮಾಡಿ ಆರತಿ ತಟ್ಟೆ ಹಿಡಿದ. ನಮ್ಮ ರಿಸೀವರ್ ಆ ಕಡೆಯದನ್ನು ಹಿಡಿಯಿತು. ಗಣಪನ ಮುಂದೆ ಎರಡು ದೊಡ್ಡ ಸ್ಪೀಕರಿನಲ್ಲಿ ‘ಟೂ ಫ್ಯಾಟ್ ಲೇಡೀಸ್, ಎಯ್ಟಿ ಎಯ್ಟ್’. ತಟ್ಟೆ ಹಿಡಿದಿದ್ದ ಇಬ್ಬರು ಕಾಕೂಗಳು ನನ್ನ ಕಡೆ ತಿರುಗಿದ ರೀತಿ ಈಗಲೂ ಕಣ್ಣ ಮುಂದಿದೆ. ಮರುದಿನವೇ ತಾಪಕೀರ್ ಗಲ್ಲಿಗೆ ಹೋಗಿ ಬೇರೆ ಸೆಟ್ ತಂದೆ.

ಇದನ್ನು ಹೇಳಿ ಎಲ್ಲರನ್ನೂ ನಗಿಸಿದೆ. ಆದರೆ ಪಾಜ್ ಮಾಡಿದ್ದು ಇದಕ್ಕಲ್ಲ.

ಹದಿನೈದು ವರ್ಷಕ್ಕೂ ಹಿಂದಿನ ಮಾತು. ಹೊರಗಿನಿಂದ ಒಬ್ಬ ಮಹಾರಾಜ, ಅಂದರೆ ಬಾಬಾ, ಬರುವವನಿದ್ದ. ಹಾಲ್ ಬುಕ್ ಆಗಿತ್ತು, ಸೌಂಡು ನನಗೆ ಸಿಕ್ಕಿತು. ಅವನ ಕಡೆಯವನೊಬ್ಬ ಬಂದು, ಗಾಯಕರು ಕಿವಿಗೆ ಹಾಕಿಕೊಳ್ಳುತ್ತಾರಲ್ಲ, ಅದು ಇದೆಯಾ ಎಂದ. ಇನ್-ಇಯರ್ ಸೆಟ್. ಆಗಷ್ಟೇ ಸೆಕೆಂಡ್ ಹ್ಯಾಂಡಿನಲ್ಲಿ ಒಂದು ತಂದಿದ್ದೆ. ಮಹಾರಾಜರು ಭಜನೆ ಹಾಡುತ್ತಾರೆ ಅಂದುಕೊಂಡೆ. ರಿಸೀವರ್ ಸೊಂಟಕ್ಕೆ, ವೈರು ಶಾಲಿನೊಳಗೆ, ಕಿವಿ ಮೇಲೆ ಉದ್ದ ಕೂದಲು. ಆ ಕಡೆಯವನು ನನ್ನ ಮಿಕ್ಸರ್ ಹಿಂದೆಯೇ ಒಂದು ಕುರ್ಚಿ ಹಾಕಿ ಕೂತ, ಕೈಯಲ್ಲಿ ಮೈಕು, ತೊಡೆ ಮೇಲೆ ಫಾರ್ಮುಗಳ ಕಟ್ಟು. ಬಾಗಿಲಲ್ಲಿ ಎಲ್ಲರಿಂದ ಹೆಸರು, ಊರು, ತೊಂದರೆ ಏನು ಎಂದು ಬರೆಸಿಕೊಂಡ ಫಾರ್ಮು. ನನ್ನ ಹೆಡ್‌ಫೋನಿನಲ್ಲಿ ಆ ಲೈನೂ ಬರುತ್ತಿತ್ತು. ‘ನಾಲ್ಕನೇ ಸಾಲು, ಹಸಿರು ಸೀರೆ, ವಿಜಾಪುರ ಕಡೆಯವರು, ಗಂಡ ತೀರಿಕೊಂಡಿದ್ದಾರೆ, ಶುಗರ್ ಇದೆ, ಮೊಣಕಾಲು.’

ಹಸಿರು ಸೀರೆ ನಮ್ಮವ್ವ.

ಅವಳನ್ನು ಕರೆದುಕೊಂಡು ಹೋಗಿದ್ದು ನಾನೇ, ನಮ್ಮದೇ ಸೌಂಡ್, ಮುಂದೆ ಕೂರಿಸುತ್ತೇನೆ ಬಾ ಎಂದು. ಮಹಾರಾಜ ಆಕೆಯ ಹೆಸರು ಹಿಡಿದು ಕರೆದ. ಅವ್ವ ಎದ್ದು ನಿಂತು ಎರಡೂ ಕೈ ಜೋಡಿಸಿ ಅತ್ತಳು. ಅಪ್ಪ ಹೋದ ಮೇಲೆ ಅಷ್ಟು ಬಿಕ್ಕಿ ಬಿಕ್ಕಿ ಅತ್ತದ್ದನ್ನು ನಾನು ನೋಡಿರಲಿಲ್ಲ. ನನ್ನ ಕೈ ಮಿಕ್ಸರಿನ ಫೇಡರ್ ಮೇಲಿತ್ತು, ದನಿ ಏರಿಸಿ ಇಳಿಸುವ ಗುಂಡಿ. ಒಂದು ಬೆರಳು ಎಳೆದರೆ ಆ ಲೈನು ಸಭಾಂಗಣದ ಸ್ಪೀಕರಿಗೂ ಹೋಗುತ್ತಿತ್ತು. ಎಳೆಯಲಿಲ್ಲ. ಬಾಡಿಗೆ ಬಾಕಿ ಇತ್ತು, ಮುಂದಿನ ತಿಂಗಳು ಇನ್ನೊಂದು ಕಾರ್ಯಕ್ರಮ ಕೊಡುತ್ತೇನೆ ಎಂದಿದ್ದರು. ಆಮೇಲೆ ಅವ್ವ ಶುಗರ್ ಗುಳಿಗೆ ಬಿಟ್ಟಳು. ಹನ್ನೆರಡು ದಿನ. ತಲೆ ತಿರುಗಿ ಬಚ್ಚಲಲ್ಲಿ ಬಿದ್ದ ಮೇಲೆಯೇ ನಮಗೆ ಗೊತ್ತಾದದ್ದು. ಆಗಲೂ ಡಾಕ್ಟರ್ ಬೈದರು ಎಂದಷ್ಟೇ ಹೇಳಿದೆ. ಕಿವಿಯ ಮಾತು ಹೇಳಲಿಲ್ಲ.

ಪೊಪಾಫ್‌ನ ಸಭೆಯಲ್ಲೂ ಜನ ತಮ್ಮ ಗುಳಿಗೆಗಳನ್ನು ವೇದಿಕೆಗೆ ಎಸೆಯುತ್ತಿದ್ದರಂತೆ. ಕಾರ್ಸನ್ ಶೋದಲ್ಲಿ ಆ ಟೇಪು ಪ್ರಸಾರ ಆದ ಮೇಲೆ ಅವನು 1987ರಲ್ಲಿ ದಿವಾಳಿ ಎದ್ದ. ಕೆಲವು ವರ್ಷ ಬಿಟ್ಟು ಮತ್ತೆ ಟೀವಿಗೆ ಬಂದ, ಪವಾಡದ ನೀರು ಹಂಚುತ್ತಾ. ಮಗನಿಗೆ ಇದನ್ನು ನಂಬಲಾಗಲಿಲ್ಲ. ಪ್ಲೇ ಒತ್ತಿದೆ.

ನಡುವೆ ಒಂದು ಭಾಗ ವಿಜ್ಞಾನಿಗಳಿಗೆ ಬಿದ್ದ ಟೋಪಿಯದು. ಮೆಕ್‌ಡೊನೆಲ್ ಎಂಬ ವಿಮಾನ ಉದ್ಯಮಿ 5 ಲಕ್ಷ ಡಾಲರ್ ಕೊಟ್ಟು ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅತೀಂದ್ರಿಯ ಶಕ್ತಿಯ ಲ್ಯಾಬ್ ಮಾಡಿಸಿದ. ರ‍್ಯಾಂಡಿ ಇಬ್ಬರು ಹದಿಹರೆಯದ ಜಾದೂ ಹುಡುಗರನ್ನು ಅಲ್ಲಿಗೆ ಶಕ್ತಿ ಇರುವವರೆಂದು ಕಳಿಸಿದ. ನೀವು ಮೋಸ ಮಾಡುತ್ತಿದ್ದೀರಾ ಎಂದು ಯಾರಾದರೂ ನೇರವಾಗಿ ಕೇಳಿದರೆ ಹೌದು ಎಂದು ಹೇಳಿಬಿಡಿ ಎಂದಿದ್ದ. ಯಾರೂ ಕೇಳಲಿಲ್ಲ! ಆಟ ಎರಡು ವರ್ಷಕ್ಕೂ ಜಾಸ್ತಿ ನಡೆಯಿತು. 1983ರಲ್ಲಿ ಪತ್ರಕರ್ತರನ್ನು ಕರೆದು ಗುಟ್ಟು ಬಿಚ್ಚಿದ. ಪಾಠ ಸರಿ. ಆದರೆ ಹುಡುಗರನ್ನು ನಂಬಿ ಮನೆಯವರ ಹಾಗೆ ನೋಡಿಕೊಂಡ ಆ ಲ್ಯಾಬಿನ ಪ್ರೊಫೆಸರ್ ಮುಖ ನೆನೆಸಿಕೊಂಡು ನನಗೆ ಕೆಟ್ಟದೆನಿಸಿತು.

ಇದಕ್ಕಿಂತ ನಮ್ಮ ಪುಣೆಯ ಪರೀಕ್ಷೆ ನನಗೆ ಹೆಚ್ಚು ಇಷ್ಟ. ಖಗೋಳ ವಿಜ್ಞಾನಿ ಜಯಂತ ನಾರಳೀಕರ್ ಅವರು ಅಂಧಶ್ರದ್ಧಾ ನಿರ್ಮೂಲನ ಸಮಿತಿಯವರ ಜೊತೆ ಸೇರಿ ಮಾಡಿದ್ದು. ಓದಿನಲ್ಲಿ ಜಾಣರಾದ 100 ಮಕ್ಕಳ ಜಾತಕ, ಬುದ್ಧಿಮಾಂದ್ಯ ಇರುವ 100 ಮಕ್ಕಳ ಜಾತಕ. ಅದರಲ್ಲಿ ನಲವತ್ತು ನಲವತ್ತು ಜಾತಕ ಜ್ಯೋತಿಷಿಗಳಿಗೆ ಕೊಟ್ಟು, ಯಾವುದು ಯಾವ ಕಡೆಯದು ಹೇಳಿ ಎಂದರು. 51 ಜನ ತೆಗೆದುಕೊಂಡರು, 27 ಜನ ಉತ್ತರ ಕಳಿಸಿದರು. ಸರಿಯಾದದ್ದು ಸರಾಸರಿ ನೂರಕ್ಕೆ 46. ನಾಣ್ಯ ಚಿಮ್ಮಿದ್ದರೂ 50 ಬರುತ್ತಿತ್ತು. ಯಾರಿಗೂ ಟೋಪಿ ಇಲ್ಲ, ವೇಷ ಇಲ್ಲ. 2009ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬಂತು. ಇದರ ಮೇಲೆ ಯಾರಾದರೂ ಒಂದು ಪಿಕ್ಚರ್ ಮಾಡಬಾರದೇ? ಮೈಕ್ ನಾನು ಪುಕ್ಕಟೆ ಕೊಡುತ್ತೇನೆ.

ಆ ಸಮಿತಿ ಕಟ್ಟಿದ ಡಾಕ್ಟರ್ ನರೇಂದ್ರ ದಾಭೋಲ್ಕರರನ್ನು 2013ರ ಆಗಸ್ಟ್ 20ರ ಬೆಳಿಗ್ಗೆ, ವಾಕಿಂಗ್ ಹೊರಟಾಗ, ಓಂಕಾರೇಶ್ವರದ ಹತ್ತಿರದ ಸೇತುವೆ ಮೇಲೆ ಗುಂಡಿಟ್ಟು ಕೊಂದರು. ಬಾಲಗಂಧರ್ವ ರಂಗಮಂದಿರದ ಕಡೆ ಸಾಮಾನು ಒಯ್ಯುವಾಗ ನನ್ನ ಟೆಂಪೋ ಅದೇ ಸೇತುವೆ ಮೇಲಿಂದ ಹೋಗುತ್ತದೆ. ಅವರು ವರ್ಷಗಟ್ಟಲೆ ಕೇಳಿದ, ಅಂಧಶ್ರದ್ಧೆ ವಿರುದ್ಧದ ಕಾನೂನು ಅವರು ಸತ್ತ ಕೆಲವೇ ದಿನಕ್ಕೆ ಸುಗ್ರೀವಾಜ್ಞೆಯಾಗಿ ಬಂತು. ಕೋರ್ಟು ಇಬ್ಬರಿಗೆ ಜೀವಾವಧಿ ಶಿಕ್ಷೆ ಕೊಟ್ಟು ಮೂವರನ್ನು ಬಿಟ್ಟದ್ದು 2024ರ ಮೇನಲ್ಲಿ. ರ‍್ಯಾಂಡಿಯ ಮೇಲೆ ಕೋರ್ಟಿನಲ್ಲಿ ಕೇಸು ಹಾಕಿದರು. ಅವನು 92 ವರ್ಷ ಬದುಕಿದ. ಪಿಕ್ಚರ್ ನೋಡುವಾಗ ಇದು ತಲೆಯಿಂದ ಹೋಗಲೇ ಇಲ್ಲ.

ಕೊನೆಯ ಭಾಗಕ್ಕೆ ಬರುತ್ತೇನೆ. ಗುಟ್ಟು ಮೊದಲೇ ಗೊತ್ತಾಗಬಾರದು ಎನ್ನುವವರು ಇಲ್ಲಿಗೇ ನಿಲ್ಲಿಸಿ.

1988ರಲ್ಲಿ ರ‍್ಯಾಂಡಿ ಆಸ್ಟ್ರೇಲಿಯಾದ ಒಂದು ಟೀವಿ ಕಾರ್ಯಕ್ರಮಕ್ಕಾಗಿ ಒಬ್ಬ ನಕಲಿ ದೇವಮಾನವನನ್ನು ತಯಾರು ಮಾಡಿದ. ಹೆಸರು ಕಾರ್ಲೋಸ್, ಎರಡು ಸಾವಿರ ವರ್ಷದ ಆತ್ಮ. ಮೈಮೇಲೆ ಬರಿಸಿಕೊಳ್ಳುವವನು ಹೋಸೆ ಆಲ್ವರೆಜ್ ಎಂಬ ಚೆಲುವ ಹುಡುಗ. ಕಂಕುಳಲ್ಲಿ ಚೆಂಡು ಅದುಮಿಟ್ಟುಕೊಂಡು ನಾಡಿ ನಿಲ್ಲಿಸುತ್ತಿದ್ದ. ಟೀವಿಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಎಲ್ಲಿಂದ ಬರುತ್ತಿತ್ತು ಗೊತ್ತೇನು? ಕಿವಿಯಲ್ಲಿನ ಪುಟ್ಟ ರಿಸೀವರಿನಿಂದ. ಈ ಸಲ ಆ ಕಡೆ ಮಾತಾಡುತ್ತಿದ್ದವನು ರ‍್ಯಾಂಡಿಯೇ! ಪೊಪಾಫ್‌ನದೇ ಉಪಾಯ, ಎರಡು ವರ್ಷದ ನಂತರ. ಸಿಡ್ನಿಯ ಆಪೆರಾ ಹೌಸಿನಲ್ಲಿ ಜನ ಸೇರಿದರು. ಆಮೇಲೆ ಎಲ್ಲ ಸುಳ್ಳು ಎಂದು ಇವರೇ ಹೇಳಿದರು. ಆದರೂ ಕೆಲವರು ನಂಬುವುದನ್ನು ಬಿಡಲಿಲ್ಲ.

ಆ ಹುಡುಗ ಮತ್ತು ರ‍್ಯಾಂಡಿ ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಒಂದೇ ಮನೆಯಲ್ಲಿ ಬಾಳಿದವರು. 2010ರಲ್ಲಿ, 81ನೇ ವಯಸ್ಸಿನಲ್ಲಿ, ತಾನು ಸಲಿಂಗಿ ಎಂದು ರ‍್ಯಾಂಡಿ ಬಹಿರಂಗವಾಗಿ ಹೇಳಿಕೊಂಡ. 2011ರಲ್ಲಿ ಪೊಲೀಸರು ಮನೆ ಬಾಗಿಲಿಗೆ ಬಂದರು. ಆಲ್ವರೆಜ್ ಎನ್ನುವುದು ಅವನ ಹೆಸರೇ ಅಲ್ಲ. ನಿಜವಾದ ಹೆಸರು ಡೇವಿ ಪೆನ್ಯಾ, ವೆನೆಜುವೆಲಾದವನು. ವಾಪಸು ಹೋಗಲಾರದೆ ಬೇರೊಬ್ಬ ಬದುಕಿರುವ ಮನುಷ್ಯನ ಹೆಸರು, ಹುಟ್ಟಿದ ತಾರೀಖು ಹಾಕಿ ಪಾಸ್‌ಪೋರ್ಟ್ ಮಾಡಿಸಿಕೊಂಡಿದ್ದ. ಆ ಬಡಪಾಯಿಗೆ ತೆರಿಗೆ, ಪಾಸ್‌ಪೋರ್ಟು ಎಲ್ಲದರಲ್ಲೂ ಗೋಳು. ಊರಿನ ಸುಳ್ಳನ್ನೆಲ್ಲ ಹಿಡಿದವನ ಅಡುಗೆಮನೆಯಲ್ಲೇ ಇದು. ರ‍್ಯಾಂಡಿಗೆ ಎಷ್ಟು ಗೊತ್ತಿತ್ತು ಎಂಬ ಪ್ರಶ್ನೆ ಬಂದಾಗ ಮಾತಿಗೆ ಯಾವತ್ತೂ ಸೋಲದ ಮುದುಕ ತಡವರಿಸುತ್ತಾನೆ. ನನಗೆ ಇಡೀ ಪಿಕ್ಚರಿನಲ್ಲಿ ಉಳಿದದ್ದು ಆ ಮುಖ. ಫೇಡರ್ ಮೇಲೆ ಕೈ ಇಟ್ಟುಕೊಂಡು ಸುಮ್ನೆ ಕೂತವನ ಮುಖ.

ಅವ್ವ ಕೇಳಿದಳು, “ಇವರಿಬ್ಬರೂ ಏನಾಗಬೇಕೋ?”

“ಜೋಡೀಲೆ ಇರ್ತಾರವ್ವ, ದೋಸ್ತರು” ಎಂದೆ.

ಮಗ ಮೊಬೈಲಿನಿಂದ ತಲೆ ಎತ್ತದೆ, “ಮದುವಿ ಆಗ್ಯಾರ ಆಯಿ, 2013ರಾಗ. ಅಪ್ಪ ಸುಳ್ಳ ಹೇಳ್ತಾನ” ಎಂದ. ಅವ್ವ ಒಂದು ಗಳಿಗೆ ಯೋಚಿಸಿ, “ಹಂಗಾದ್ರ ಪೊಲೀಸರು ಹಿಡ್ಕೊಂಡು ಹೋದಾಗ ಮುದುಕಗ ಅಡಿಗಿ ಯಾರ್ ಮಾಡಿ ಹಾಕಿದ್ರು?” ಎಂದು ಕೇಳಿದಳು. ಇದಕ್ಕೆ ಪಿಕ್ಚರಿನಲ್ಲಿ ಉತ್ತರ ಇಲ್ಲ.

ಕೊರತೆ ಹೇಳಲೇಬೇಕು ಎಂದರೆ, ಕುರ್ಚಿಯಲ್ಲಿ ಕೂತು ಹೊಗಳುವವರು ಜಾಸ್ತಿ. ಹಿನ್ನೆಲೆ ಸಂಗೀತ ಕೊನೆಯಲ್ಲಿ ‘ಈಗ ಅಳಿ’ ಎಂದು ಹೇಳಿಕೊಡುತ್ತದೆ, ಅದು ನನಗೆ ಆಗುವುದಿಲ್ಲ. ಚಮಚ ಹೇಗೆ ಬಗ್ಗುತ್ತದೆ ಎಂದು ಕಲಿಯಲು ಕೂತರೆ ನಿರಾಸೆ. ಮಕ್ಕಳ ಜೊತೆ ನೋಡಬಹುದು, ಆದರೆ ಹತ್ತು ವರ್ಷದೊಳಗಿನವರಿಗೆ ಬೇಸರ ಬರುತ್ತದೆ. ಟೀವಿಯ ಸ್ಪೀಕರಿನಲ್ಲಿ ನೋಡಬೇಡಿ, ಪೊಪಾಫ್ ಭಾಗ ಹಾಳಾಗುತ್ತದೆ. ಒಳ್ಳೆಯ ಹೆಡ್‌ಫೋನ್ ಹಾಕಿ. ಐದಕ್ಕೆ ನಾಲ್ಕು ಕೊಡುತ್ತೇನೆ.

ಪಿಕ್ಚರ್ ಮುಗಿದು ಮಗ ವೈರು ಬಿಚ್ಚುತ್ತಿದ್ದ. ಹೆಂಡತಿ ಕುಕ್ಕರ್ ಇಡಲು ಎದ್ದಳು. ಅವ್ವ ಬತ್ತಿಗಳನ್ನು ಡಬ್ಬಿಗೆ ಹಾಕುತ್ತಾ, ನನ್ನ ಮುಖ ನೋಡದೆ ಕೇಳಿದಳು.

“ಅವತ್ತ ಆ ಮಹಾರಾಜನ ಕಿವ್ಯಾಗ ಇದ್ದದ್ದು ನಮ್ದ ಮಿಷಿನ್ ಏನೋ?”

ಎಷ್ಟು ಹೊತ್ತು ಸುಮ್ಮನಿದ್ದೆನೋ. “ಹೂಂ ಅವ್ವ.”

“ಬಾಡಗಿ ಕೊಟ್ಟನೇನು?”

“ಅರ್ಧ ಕೊಟ್ಟ. ಉಳಿದದ್ದು ಇವತ್ತಿಗೂ ಬಾಕಿ.”

ಅವ್ವ ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು. “ಫೋನ್ ನಂಬರ್ ಇಟ್ಟೀಯೇನು ಅವಂದು?”